ಗಾಣದ ಖೂನಿ ಯಾವ ವಿಷಯದಾಗ ಬರತೈತಿ?

ಹುಕ್ಕೇರಿಯ ವಾಚನಾಲಯಕ್ಕೆ ಕಂಪ್ಯೂಟರ್ ಬಂದ ದಿನ ಅದಕ್ಕೆ ಚೆಂಡುಹೂವಿನ ಹಾರ ಹಾಕಿದರು. ಪರದೆಗೇ ಕುಂಕುಮ ಹಚ್ಚಲು ಹೊರಟಿದ್ದ ಅಧ್ಯಕ್ಷರ ಕೈಯನ್ನು ನಾನು ಹಿಡಿದೇ ಬಿಡುತ್ತಿದ್ದೆ, ಅಷ್ಟರಲ್ಲಿ ಅವರೇ ಮನಸ್ಸು ಬದಲಿಸಿ ಪೆಟ್ಟಿಗೆಯ ನೆತ್ತಿಗೆ ಹಚ್ಚಿದರು. ಕಾಯಿ ಒಡೆದದ್ದು ಮಾತ್ರ ಪ್ಲಗ್ಗಿನ ಬಾಜೂಕ್ಕೇ. ನಮ್ಮ ಪುಣ್ಯಕ್ಕೆ ಆ ಹೊತ್ತಿನಲ್ಲಿ ಕರೆಂಟ್ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದು. ನನ್ನ ಊರು ಗೋಕಾಕ. ಗ್ರಂಥಾಲಯ ನಡೆಸುವ ವಿದ್ಯೆ ಕಲಿತು, ಅದಕ್ಕೊಂದು ಸರ್ಟಿಫಿಕೇಟು ಪಡೆದು, ದಿನಾ ಬಸ್ಸಿನಲ್ಲಿ ನಿಂತುಕೊಂಡು ಹುಕ್ಕೇರಿಗೆ ಹೋಗಿ ಬರುತ್ತಿದ್ದೆ. ವಾಚನಾಲಯದ ಕಪಾಟಿನ ಹಳೆಯ ಪುಸ್ತಕಗಳು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಅವನ್ನೆಲ್ಲ ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವುದು, ಓದುಗರು ಬಂದು ಪರದೆಯ ಮೇಲೆ ಓದುವುದು, ಇದು ಟ್ರಸ್ಟಿನವರ ಯೋಜನೆ. ಸುದ್ದಿ ಹಬ್ಬಿ ಗೋಕಾಕ, ಮೂಡಲಗಿ, ಸಂಕೇಶ್ವರ, ಕೌಜಲಗಿಯ ಮನೆಗಳಿಂದಲೂ ಗೋಣಿಚೀಲಗಳಲ್ಲಿ ಪುಸ್ತಕ ಬಂದವು. ಯಾವ ಪುಸ್ತಕ ಯಾವ ವಿಷಯಕ್ಕೆ ಸೇರಿದ್ದು ಎಂದು ತೀರ್ಮಾನಿಸುವುದು ನನ್ನ ಕೆಲಸ ಎಂದು ನಾನು ತಿಳಿದಿದ್ದೆ.

ಟ್ರಸ್ಟಿನವರೆಂದು ಹೇಳಿಕೊಳ್ಳುವವರು ಬಹಳ ಮಂದಿ, ಸಭೆಗೆ ಬರುವವರು ಇಬ್ಬರೇ. ಒಬ್ಬರು ಅಧ್ಯಕ್ಷರು. ರಿಟಾಯರ್ ಆದ ಹೆಡ್‌ಮಾಸ್ತರರು, ಆದರೆ ರಿಟಾಯರ್ ಆದದ್ದು ಶಾಲೆಗೆ ಮಾತ್ರ ಗೊತ್ತಿತ್ತು, ಅವರ ದನಿಗೆ ಯಾರೂ ತಿಳಿಸಿರಲಿಲ್ಲ. ಇನ್ನೊಬ್ಬರು ಸೆಕ್ರೆಟರಿ. ಪೇಟೆಯಲ್ಲಿ ಕಾಳುಕಡಿ ಅಂಗಡಿ ಇದ್ದ ಜೈನ ಹಿರಿಯರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಊರಿಗೆಲ್ಲ ಅವರು ಕಾಕಾ, ನನಗೂ ಕಾಕಾ.

ಮೊದಲ ಸಭೆಯಲ್ಲಿ ನಾನು ಬಹಳ ಉಮೇದಿಯಿಂದ ವಿವರಿಸಿದೆ. ಪುಸ್ತಕಕ್ಕೆ ವಿಷಯ ಒಂದೇ, ಅದು ಅದರ ಮನೆ ಇದ್ದ ಹಾಗೆ. ಟ್ಯಾಗ್ ಎಂಬುದು ಬೇರೆ, ಪುಸ್ತಕದೊಳಗೆ ಏನೇನಿದೆ ಎಂದು ತಿಳಿಸುವ ಪದ, ಅವು ಎಷ್ಟಾದರೂ ಇರಬಹುದು.

“ಅಂದ್ರ ಚೀಟಿ. ಚೀಲಕ್ಕ ಹೊಲಿತೀವಲ್ಲ, ಅದ” ಎಂದರು ಕಾಕಾ. ನನ್ನ ಜೊತೆ ಓದಿದವರಲ್ಲಿ ಎಷ್ಟೋ ಜನಕ್ಕೆ ಇಷ್ಟು ಬೇಗ ತಿಳಿದಿರಲಿಲ್ಲ.

“ಚೀಟಿ ಅನಬ್ಯಾಡ್ರಿ. ಹಣೆಪಟ್ಟಿ ಅನ್ರಿ. ಗೌರವ ಇರತೈತಿ” ಎಂದರು ಅಧ್ಯಕ್ಷರು. ಅವತ್ತಿನಿಂದ ಠರಾವಿನಲ್ಲಿ ಹಣೆಪಟ್ಟಿ, ಬಾಯಲ್ಲಿ ಚೀಟಿ.

ಓದಲು ಬರುವವರಿಗೆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬರುತ್ತಿರಲಿಲ್ಲ. ಅದಕ್ಕೆ ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕೆಲವರು ನಮಗಾಗಿ ಒಂದು ಪ್ರೋಗ್ರಾಂ ಬರೆದುಕೊಟ್ಟರು. ಪರದೆಯ ಮೇಲೆ ಒಂದೊಂದು ವಿಷಯಕ್ಕೆ ಒಂದೊಂದು ದೊಡ್ಡ ಬಟನ್. ಬಟನ್ ಒತ್ತಿದರೆ ಆ ವಿಷಯದ ಪುಸ್ತಕಗಳು, ಪುಸ್ತಕದ ಹೆಸರಿನ ಕೆಳಗೆ ಅದರ ಚೀಟಿಗಳು. ಹೀಗಾಗಿ ಬಟನ್ ಸಿಕ್ಕ ವಿಷಯ ಬದುಕಿತು, ಸಿಗದ್ದು ಸತ್ತಿತು. ಬಟನ್ ಹಂಚುವ ಸಭೆಗಳು ವಾರಗಟ್ಟಲೆ ನಡೆದವು.

ಕೃಷಿಗೆ ಒಂದು ಬಟನ್ ಆಯಿತು. ಆಮೇಲೆ ಕಬ್ಬಿಗೆ ಬೇರೆ ಬಟನ್ ಬೇಕು ಎಂಬ ಮಾತು ಬಂತು. ಕಬ್ಬೂ ಕೃಷಿಯೇ ಅಲ್ಲವೇ ಎಂದು ಕೇಳಿದೆ.

“ಕಬ್ಬು ಕೃಷಿ ಅಲ್ಲವ್ವಾ, ರಾಜಕಾರಣ” ಎಂದರು ಕಾಕಾ.

“ಹಂಗಾದ್ರ ರಾಜಕಾರಣದಾಗ ಹಾಕೂಣು.”

“ರಾಜಕಾರಣದ ಬಟನ್ ಇಟ್ರ ಜಗಳ ಹತ್ತತಾವ. ಕಬ್ಬು ಅಂತ ಇಟ್ರ ಎಲ್ಲಾರಿಗೂ ತಿಳೀತೈತಿ.”

ಮರಾಠಿ ಪುಸ್ತಕಗಳಿಗೆಲ್ಲ ಸೇರಿ ‘ಮರಾಠಿ’ ಎಂಬ ಒಂದೇ ವಿಷಯ ಮಾಡಬೇಕೆಂದರು ಅಧ್ಯಕ್ಷರು. ಅದರೊಳಗೆ ಜ್ಯೋತಿಷ್ಯ, ಕುಸ್ತಿಯ ಪಟ್ಟುಗಳು, ಉಪ್ಪಿನಕಾಯಿ, ಹೊಲಿಗೆ ಮಿಷನ್ ರಿಪೇರಿ ಎಲ್ಲ ಒಟ್ಟಿಗೆ ಸಂಸಾರ ಹೂಡಿದವು. ಕಾಕಾ, “ನಮ್ಮ ಮನ್ಯಾಗ ಉಪ್ಪಿನಕಾಯಿ ಒಂದ ಐತ್ರಿ, ಭಾಷಾ ಎರಡ. ಅದರ ಡಬ್ಬಿ ಎಲ್ಲಿ ಇಡ್ಲಿ?” ಎಂದು ಕೇಳಿದರು. ಅಧ್ಯಕ್ಷರು ಚಹಾ ತರಿಸಿದರು. ನಮ್ಮ ಸಭೆಗಳಲ್ಲಿ ಉತ್ತರವಿಲ್ಲದ ಪ್ರಶ್ನೆಗೆ ಚಹಾ ಬರುತ್ತಿತ್ತು.

ಕೊನೆಗೆ ಬಂದದ್ದು ‘ಮಹಿಳೆ’. ಇದು ಅಧ್ಯಕ್ಷರ ಔದಾರ್ಯ. “ಹೆಣ್ಣಮಕ್ಕಳಿಗೂ ಒಂದು ಮಾನದ ಜಾಗಾ ಇರಬೇಕು” ಎಂದು ಹೇಳಿ, ನಾನು ಸಂತೋಷಪಡುತ್ತೇನೆಯೇ ಎಂದು ನನ್ನ ಮುಖ ನೋಡಿದರು. ರಂಗೋಲಿ, ಅಡುಗೆ, ಕೂಸಿನ ಆರೈಕೆ ಅಲ್ಲಿಗೆ ಹೋದವು. ಅಷ್ಟೇ ಆಗಿದ್ದರೆ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಆದರೆ ಹೆಂಗಸರು ಬರೆದ ಪುಸ್ತಕ ಯಾವುದೇ ಇರಲಿ, ಅದೂ ಮಹಿಳೆಯ ಬಟನ್ನಿಗೇ ಎಂದು ಠರಾವು ಪಾಸಾಯಿತು. ಎಮ್ಮೆಯ ಕೆಚ್ಚಲು ಬಾವಿನ ಬಗ್ಗೆ ಪಶುವೈದ್ಯೆಯೊಬ್ಬರು ಬರೆದ ಪುಸ್ತಕ ಕೂದಲಿನ ಆರೈಕೆಯ ಪಕ್ಕ ಹೋಗಿ ಕೂತಿತು. ಬಾಣಂತನದ ಬಗ್ಗೆ ಗಂಡಸೊಬ್ಬರು ಬರೆದದ್ದು ವಿಜ್ಞಾನಕ್ಕೆ ಹೋಯಿತು.

ಈ ಠರಾವನ್ನು ಮುರಿಯಲು ನನಗೆ ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ಅದಕ್ಕೆ ಕಾರಣ ನಮ್ಮ ಕಡೆಯ ಮರ್ಯಾದೆ. ಯಾರ ಹೆಸರನ್ನೂ ಬರೀ ಹೆಸರಾಗಿ ಬರೆಯಬಾರದು, ಅದು ಉದ್ಧಟತನ ಎಂದು ಅಧ್ಯಕ್ಷರು ಹಟ ಹಿಡಿದಿದ್ದರು. ಹಾಗಾಗಿ ಲೇಖಕರ ಹೆಸರು ಹಾಕುವ ಮುನ್ನ ಶ್ರೀ, ಶ್ರೀಮತಿ, ಕುಮಾರಿ ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಮುಂದೆ ಹೋಗುತ್ತಿರಲಿಲ್ಲ. ಪ್ರೋಗ್ರಾಂ ಬರೆದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಮ್ಮ ಶ್ರಮ ಉಳಿಸಿದ್ದರು. ಶ್ರೀಮತಿ ಅಥವಾ ಕುಮಾರಿ ಎಂದು ಆರಿಸಿದರೆ ಪುಸ್ತಕ ಯಾರನ್ನೂ ಕೇಳದೆ ತಾನೇ ಹೋಗಿ ಮಹಿಳೆಯ ಬಟನ್ನಿನಡಿ ಸೇರುತ್ತಿತ್ತು.

ಗೋಕಾಕದಿಂದ ಬಂದ ಒಂದು ಚೀಲದಲ್ಲಿ ಆ ಕಾದಂಬರಿ ಸಿಕ್ಕಿತು. ರಟ್ಟು ಹರಿದಿತ್ತು. ಮೊದಲ ಪುಟದಲ್ಲೇ ಬೆಲ್ಲದ ಗಾಣದ ಹಿಂದೆ, ಕಬ್ಬಿನ ಒಣಗರಿಯ, ಅಂದರೆ ರವದಿಯ, ರಾಶಿಯಡಿ, ಬೆಲ್ಲ ತೂಗುವವನ ಹೆಣ. ಪತ್ತೆ ಮಾಡುವವನು ಪೊಲೀಸನಲ್ಲ, ಊರ ಹೊಲಗಳ ಲೆಕ್ಕ ಬರೆಯುವ ತಲಾಟಿ. ಯಾರ ಹೊಲದ ಬದು ಎಲ್ಲಿ ಸರಿದಿದೆ ಎಂದು ಬಲ್ಲವನಿಗೆ ಯಾರು ಯಾರನ್ನು ಕೊಲ್ಲಬಹುದು ಎಂದೂ ಗೊತ್ತಿರುತ್ತದಷ್ಟೆ. ಜೋಳದ ಭಕ್ರಿಯ ಗಂಟು ಬಿಚ್ಚಿ ಬದುವಿನ ಮೇಲೆ ಉಣ್ಣಲು ಕೂತಾಗಲೇ ಅವನ ತಲೆ ಓಡುತ್ತಿತ್ತು. ಬರೆದವರು ಎಂದು ಇದ್ದದ್ದು ಒಬ್ಬ ಗಂಡಸಿನ ಹೆಸರು, ಯಾರೂ ಕೇಳಿರದ ಹೆಸರು.

ಪತ್ತೇದಾರಿಗೆ ನಮ್ಮಲ್ಲಿ ಬಟನ್ ಇರಲಿಲ್ಲ. “ಇದು ವಾಚನಾಲಯ ಐತ್ರಿ, ಬಸ್ ಸ್ಟ್ಯಾಂಡ್ ಅಲ್ಲ” ಎಂದು ಅಧ್ಯಕ್ಷರು ಮೊದಲೇ ಹೇಳಿಬಿಟ್ಟಿದ್ದರು. ಈ ಪುಸ್ತಕ ಮಂದಿಗೆ ಕೊಡಲು ಯೋಗ್ಯವೋ ಅಲ್ಲವೋ ಎಂದು ತಪಾಸಣೆ ಮಾಡಲು ಅದನ್ನು ಮನೆಗೆ ಒಯ್ದರು. ತಪಾಸಣೆ ಬಹಳ ದಿನ ನಡೆಯಿತು. ಅವರಿಂದ ಕಾಕಾ ಒಯ್ದರು. ಕಾಕಾನ ಅಂಗಡಿಯಲ್ಲಿ ಕಡಲೆ ಕೇಳಿದವರಿಗೆ ಹೆಸರುಕಾಳು ಕಟ್ಟಿಕೊಟ್ಟ ಸುದ್ದಿ ಪೇಟೆಯಿಂದ ನನ್ನ ತನಕ ಬಂತು. ಮುಂದಿನ ಸಭೆಯಲ್ಲಿ ಇಬ್ಬರೂ ಒಂದೇ ದನಿಯಲ್ಲಿ, “ಪತ್ತೇದಾರಿ ಅಂತ ಒಂದು ಬಟನ್ ಇರ್ಲಿ” ಎಂದರು.

ಚೀಟಿಗಳನ್ನು ಅಧ್ಯಕ್ಷರೇ ಹೇಳಿ ಬರೆಸಿದರು. ಖೂನಿ, ತನಿಖೆ, ಸಾಹಸ, ಬುದ್ಧಿವಂತಿಕೆ, ಕಾಯ್ದೆ. “ಬರದಾಂವ ಪೊಲೀಸ್ ಖಾತೆದಾಗ ಇದ್ದಿರಬೇಕು ನೋಡ್ರಿ. ಇಂಥಾ ತಲಿ ಸುಮ್ಮನ ಬರಂಗಿಲ್ಲ” ಎಂದೂ ಹೇಳಿದರು.

ಆಮೇಲೆ ನಮ್ಮ ವಾಚನಾಲಯದ ಕಳೆಯೇ ಬದಲಾಯಿತು. ಇದ್ದದ್ದು ಒಂದೇ ಕಂಪ್ಯೂಟರ್. ಅದರ ಮುಂದೆ ಒಬ್ಬ ಓದುತ್ತಿದ್ದರೆ ಬೆನ್ನ ಹಿಂದೆ ನಾಲ್ಕು ಜನ ನಿಂತು ಓದುತ್ತಿದ್ದರು. ನಿಧಾನ ಓದುವವನು ಪುಟ ತಿರುಗಿಸದಿದ್ದರೆ ಹಿಂದಿನವರು ಬೈಯುತ್ತಿದ್ದರು. ತಾಲೂಕು ಕಚೇರಿ ಕೆಲಸಕ್ಕೆ ಬಂದವರು ಸಾಹೇಬರು ಇಲ್ಲವೆಂದು ತಿಳಿದರೆ ಖುಷಿಯಿಂದ ನಮ್ಮಲ್ಲಿಗೆ ಬರುತ್ತಿದ್ದರು. ಪುಸ್ತಕದ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರ ಬಾಯಲ್ಲೂ ಅದು ಗಾಣದ ಖೂನಿ.

ಆ ಸಂಭ್ರಮದಲ್ಲೇ ನಾನೊಂದು ಭಾನುವಾರ ಮೂಡಲಗಿಗೆ ಹೋದೆ. ಚಿಕ್ಕವಳಿದ್ದಾಗ ಅಜ್ಜಿಯ ಮನೆಯಲ್ಲಿದ್ದು ಅಲ್ಲಿಯೇ ಸಾಲಿ ಕಲಿತವಳು ನಾನು. ನನಗೆ ಅಕ್ಷರ ತಿದ್ದಿಸಿದ ಅಕ್ಕೋರು ಪೆನ್ಶನ್ ಪಡೆದು ಮಗನ ಮನೆಯಲ್ಲಿದ್ದರು. ಹಳೆಯ ಪುಸ್ತಕವಿದ್ದರೆ ಕೊಡಿ ಎಂದು ಕೇಳಲು ಹೋದದ್ದು. ಚುರಮುರಿ ಕಲಸಿ ಮುಂದಿಟ್ಟರು. ನಾನು ತಿನ್ನುತ್ತ ಗಾಣದ ಖೂನಿಯ ಕಥೆಯನ್ನೂ ಅದನ್ನು ಓದಲು ಜನ ಮುಗಿಬೀಳುವುದನ್ನೂ ಹೇಳಿದೆ.

“ಮಂದಿ ಖರೇನ ಓದತಾರ?” ಎಂದು ಕೇಳಿದರು ಅಕ್ಕೋರು.

“ಓದೂದಷ್ಟ ಅಲ್ರಿ, ಜಗಳಾಡತಾರ.”

“ತಲಾಟಿ ರವದಿ ಸರಿಸೂ ಕಡೆ ಏನಂತಾರ?”

ನಾನು ಆ ಭಾಗವನ್ನು ಹೇಳಿಯೇ ಇರಲಿಲ್ಲ. ಅವರು ಎದ್ದು, ಅಟ್ಟದಿಂದ ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ಗಂಟು ಇಳಿಸಿ ಬಿಚ್ಚಿದರು. ಒಳಗೆ ಅದೇ ಕಾದಂಬರಿ, ಕಟ್ಟು ಕಟ್ಟಾಗಿ, ಯಾರೂ ತೆರೆಯದ ಪ್ರತಿಗಳು.

“ಬರದಾಕಿ ನಾನವ್ವಾ. ಗೋಕಾಕದಾಗ ಅಚ್ಚ ಹಾಕಿಸಿದ್ದೆ. ಖೂನಿ ಬರದ ಅಕ್ಕೋರ ಕಡೆ ಯಾವ ತಾಯಿ ಕೂಸು ಕಳಸತಾಳ ಅಂದಾ ಪ್ರೆಸ್ಸಿನಾಂವ. ಅಂವನೇ ಒಂದು ಗಂಡಸಿನ ಹೆಸರು ಹಚ್ಚಿದ. ನಮ್ಮ ಮನಿಯವರಿಗೊಬ್ಬರಿಗೆ ಗೊತ್ತಿತ್ತು, ಅವರೂ ಹೋದ್ರು.”

ನಾವು ಪಾಟಿಯ ಮೇಲೆ ಮಗ್ಗಿ ಬರೆಯುತ್ತಿದ್ದಾಗ ಈ ಅಕ್ಕೋರು ಕಿಟಕಿಯಿಂದ ಹೊರಗೆ ನೋಡುತ್ತ ಹೆಣ ಎಲ್ಲಿ ಬಚ್ಚಿಡಲಿ ಎಂದು ಯೋಚಿಸುತ್ತಿದ್ದರೇ! ನಾನು ನಕ್ಕೆ, ಅವರೂ ನಕ್ಕರು. ನಕ್ಕು ಮುಗಿದ ಮೇಲೆ, “ಆ ಪುಸ್ತಕದ ಮ್ಯಾಲ ಒಮ್ಮೆ ನನ್ನ ಹೆಸರು ನೋಡಬೇಕು ಅನಸತೈತಿ. ಮತ್ತ ಯಾರರೆ ಅದನ್ನ ಓದೂದನ್ನ ಕಣ್ಣಲೆ ನೋಡಬೇಕು. ಅಷ್ಟ ನೋಡವ್ವಾ” ಎಂದರು.

ಅದೇನು ಮಹಾ, ಎರಡೂ ಆಗುತ್ತವೆ ಎಂದು ನಾನು ಎದೆ ತಟ್ಟಿ ಹೇಳಿ ಬಂದೆ.

ಸುದ್ದಿ ಕೇಳಿ ಅಧ್ಯಕ್ಷರು ಕುರ್ಚಿಯಿಂದ ಎದ್ದೇ ನಿಂತರು. ನಮ್ಮ ಭಾಗದ ಹೆಮ್ಮೆ, ಶಿಕ್ಷಕ ವೃತ್ತಿಯ ಹೆಮ್ಮೆ ಎಂದೆಲ್ಲ ಹೇಳಿದರು. ಸನ್ಮಾನ ಮಾಡಲೇಬೇಕು, ದೊಡ್ಡವರೊಬ್ಬರನ್ನು ಕರೆಸಬೇಕು ಎಂದರು. ಕಾಕಾ ಶಾಲಿನ ಬಣ್ಣ ಯಾವುದಿರಲಿ ಎಂದು ಕೇಳಿದರು. ಮೊದಲು ಕಂಪ್ಯೂಟರಿನಲ್ಲಿ ಹೆಸರು ತಿದ್ದಬೇಕೆಂದು ಇಬ್ಬರೂ ನನ್ನ ಬೆನ್ನ ಹಿಂದೆ ಬಂದು ನಿಂತರು. ಗಂಡಸಿನ ಹೆಸರು ಅಳಿಸಿ ಅಕ್ಕೋರ ಹೆಸರು ಟೈಪ್ ಮಾಡಿದೆ. ಶ್ರೀಮತಿ ಎಂದು ಆರಿಸಿದೆ. ಪುಸ್ತಕ ನಮ್ಮ ಮೂವರ ಕಣ್ಣೆದುರೇ ಪತ್ತೇದಾರಿಯಿಂದ ಮಾಯವಾಯಿತು. ಮಹಿಳೆಯ ಬಟನ್ ಒತ್ತಿ ನೋಡಿದರೆ ಶಾವಿಗೆಯ ಪುಸ್ತಕಕ್ಕೂ ಮೆಹಂದಿಯ ಪುಸ್ತಕಕ್ಕೂ ನಡುವೆ ಇತ್ತು.

“ಇದು ತಪ್ಪಾತ್ರಿ. ಅದರಾಗ ಖೂನಿ ಐತಿ” ಎಂದೆ.

“ಖೂನಿ ಇರಬಹುದು ತಂಗಿ. ಬರದವರು ಹೆಣ್ಣಮಗಳು ಅಲ್ಲೇನು? ಪದ್ಧತಿ ಅಂದ್ರ ಪದ್ಧತಿ” ಎಂದರು ಅಧ್ಯಕ್ಷರು. ಆಮೇಲೆ ಸ್ವಲ್ಪ ಯೋಚಿಸಿ, “ನನಗ ಆವಾಗ ಸಂಶೇ ಬಂದಿತ್ತು. ತಲಾಟಿ ಭಾಳ ಉಣತಾನ ಅದರಾಗ” ಎಂದರು.

ಚೀಟಿಗಳೂ ಹೊಸ ಮನೆಗೆ ಒಪ್ಪುವಂತಿರಬೇಕೆಂದು ಅವರೇ ಮತ್ತೆ ಬರೆಸಿದರು. ಕುಟುಂಬ, ತಾಯಿಹೃದಯ, ಗ್ರಾಮೀಣ ಜೀವನ, ಅಡುಗೆ. ಬುದ್ಧಿವಂತಿಕೆ ಎಂಬುದು ಯಾವಾಗ ಹೋಯಿತೋ ನನಗೆ ತಿಳಿಯಲಿಲ್ಲ. ಆ ಪುಸ್ತಕದಲ್ಲಿ ಇದ್ದ ಒಬ್ಬಳೇ ತಾಯಿ ಬೆಲ್ಲ ತೂಗುವವನ ತಾಯಿ, ಆಕೆ ಕಥೆ ಶುರುವಾಗುವ ಮೊದಲೇ ಸತ್ತಿದ್ದಳು.

ಒಂದು ಉಪಾಯ ಮಾಡಿದೆ. ಇಬ್ಬರೂ ಹೋದ ಮೇಲೆ ಅಕ್ಕೋರ ಹೆಸರಿಗೆ ಶ್ರೀ ಎಂದು ಆರಿಸಿದೆ. ಪುಸ್ತಕ ಜಿಗಿದು ಪತ್ತೇದಾರಿಗೆ ಬಂತು. ಮರುದಿನವೇ ಕಾಕಾ ಅದನ್ನು ಕಂಡು ಗಾಬರಿಯಾದರು. “ಅಯ್ಯ ತಂಗಿ, ಸಂಸಾರ ಮಾಡಿ ಬಾಳಿದವರಿಗೆ ಗಂಡಸರಂಗ ಬರದೀ ಅಲ್ಲ! ಅವರ ಮಗಾ ನೋಡಿದ್ರ ಏನಂದಾನು? ಅಕ್ಕೋರಿಗೆ ಅಪಮಾನ” ಎಂದು ತಾವೇ ನಿಂತು ತಿದ್ದಿಸಿದರು. ಖರೆ ಹೇಳಬೇಕೆಂದರೆ ಅವರ ದನಿಯಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ಕೆಟ್ಟವರ ಜೊತೆ ಜಗಳಾಡಬಹುದು, ಇಷ್ಟು ಮರ್ಯಾದೆ ಕೊಡುವವರ ಜೊತೆ ಹೇಗೆ ಜಗಳಾಡುವುದು?

ಜನ ಪತ್ತೇದಾರಿಯ ಬಟನ್ ಒತ್ತಿ, ಪುಸ್ತಕ ಕಾಣದೆ, ನನ್ನ ಹತ್ತಿರ ಬಂದು ಕೇಳುತ್ತಿದ್ದರು. ಮಹಿಳೆಯಲ್ಲಿದೆ ಎಂದರೆ ನಂಬುತ್ತಿರಲಿಲ್ಲ. ನಂಬಿದವರೂ ಒತ್ತುತ್ತಿರಲಿಲ್ಲ. ಪರದೆ ಹಾಲ್‌ಗೆ ಮುಖ ಮಾಡಿತ್ತು, ನಡು ಹಗಲಲ್ಲಿ ಎಲ್ಲರೆದುರು ಮೀಸೆ ಹೊತ್ತವನು ಮಹಿಳೆಯ ಬಟನ್ ಒತ್ತುವುದುಂಟೇ? ಪೇಪರ್ ಓದುವ ಮೇಜಿಗೆ ಹೋಗಿ ಕೂರುತ್ತಿದ್ದರು. ಶಾವಿಗೆ ಮಾಡುವುದನ್ನು ನೋಡಲು ಬಂದ ಹೆಣ್ಣುಮಗಳೊಬ್ಬಳು ತಪ್ಪಿ ಇದನ್ನು ತೆರೆದು, ಹೆಣ ನೋಡಿ ಚೀರಿ, ಮತ್ತೆ ಈ ಕಡೆ ಸುಳಿಯಲಿಲ್ಲ. ಕೆಲವೇ ವಾರದಲ್ಲಿ ಗಾಣದ ಖೂನಿಯನ್ನು ಕೇಳುವವರೇ ಇಲ್ಲವಾದರು.

ಸನ್ಮಾನ ಮಾತ್ರ ಭರ್ಜರಿ ಆಯಿತು. ಅಕ್ಕೋರು ಮೂಡಲಗಿಯಿಂದ ಬಸ್ಸು ಬದಲಿಸಿ ಬದಲಿಸಿ ಒಬ್ಬರೇ ಬಂದರು. ಶಾಲು, ಹಣ್ಣಿನ ಬುಟ್ಟಿ, ತೂಗಾಡುವಷ್ಟು ದೊಡ್ಡ ಹಾರ. ಬಂದ ದೊಡ್ಡವರು ಪುಸ್ತಕ ಓದಿರಲಿಲ್ಲ, ಚೀಟಿಗಳನ್ನು ಓದಿದ್ದರು. ತಾಯಿಹೃದಯದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅಕ್ಕೋರು ತಲೆ ತಗ್ಗಿಸಿ ಕೇಳುತ್ತಿದ್ದರು. ಅವರ ಭುಜ ಅಲುಗುತ್ತಿತ್ತು. ಜನ ಅಳುತ್ತಿದ್ದಾರೆಂದು ತಿಳಿದರು, ನನಗೆ ಮಾತ್ರ ಅವರು ನಗು ತಡೆಯುತ್ತಿರುವುದು ಗೊತ್ತಿತ್ತು.

ಎಲ್ಲರೂ ಉಪ್ಪಿಟ್ಟು ತಿಂದು ಹೋದ ಮೇಲೆ ಅಕ್ಕೋರನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ಅವರ ಹೆಸರು ಪರದೆಯ ಮೇಲೆ ಬಂತು. ಕನ್ನಡಕ ಒರೆಸಿಕೊಂಡು ಎಷ್ಟೋ ಹೊತ್ತು ಅದನ್ನೇ ನೋಡಿದರು. ಬೆರಳಿಂದ ಮುಟ್ಟಿದರು. “ಛಲೋ ಕಾಣತೈತಿ” ಎಂದರು. ಆಮೇಲೆ ನಾನು ಹೆದರುತ್ತಿದ್ದ ಪ್ರಶ್ನೆ ಕೇಳಿದರು. “ಓದೂ ಮಂದಿ ಎಲ್ಲಿ ಅದಾರವ್ವಾ?”

ಅಷ್ಟರಲ್ಲೇ ಬಾಗಿಲಲ್ಲಿ ಒಬ್ಬ ರೈತ ಬಂದು ನಿಂತ. ಸಂಕೇಶ್ವರದ ಕಡೆಯವನು, ಮೊದಲು ಒಂದೆರಡು ಸಲ ಬಂದಿದ್ದವನು. “ಗಾಣದ ಖೂನಿ ಬೇಕಾಗಿತ್ರಿ ಮೇಡಂ. ಅರ್ಧಾ ಓದಿ ಹೋಗೇನಿ. ನಿದ್ದಿ ಹತ್ತವಲ್ದು” ಎಂದ.

ನನಗಾದ ಖುಷಿ ಅಷ್ಟಿಷ್ಟಲ್ಲ. “ಬರ್ರಿ, ಬರದವರ ಇಲ್ಲಿ ಕುಂತಾರ ನೋಡ್ರಿ” ಎಂದೆ.

ಅವನು ಅಕ್ಕೋರ ಮೈಮೇಲಿನ ಶಾಲು ನೋಡಿ ಬಾಗಿ ನಮಸ್ಕಾರ ಮಾಡಿದ. ಆಮೇಲೆ ಪರದೆ ನೋಡಿದ. ಮಹಿಳೆ ಎಂಬ ಬಟನ್, ಶ್ರೀಮತಿ ಎಂಬ ಹೆಸರು, ಅದರ ಕೆಳಗಿನ ಚೀಟಿಗಳು, ಎಲ್ಲವನ್ನೂ ನಿಧಾನವಾಗಿ ಓದಿಕೊಂಡ.

“ಅಕ್ಕೋರದೂ ಛಲೋ ಇರತೈತ್ರಿ. ನಮ್ಮ ಮನ್ಯಾಗಿನಾಕಿನ ಕಳಸತೇನಿ ಓದಾಕ. ನನಗ ಇದಲ್ರಿ. ಆ ಗಂಡಸು ಬರದಾನಲ್ಲ, ಅದು ಬೇಕು” ಎಂದು ಹೇಳಿ ಅವನು ಪೇಪರ್ ಓದುವ ಮೇಜಿಗೆ ಹೋಗಿ ಕೂತ.

ನನಗೆ ಸಿಟ್ಟು ನೆತ್ತಿಗೇರಿತು. ಅವನ ಮೇಲೆ, ಅಧ್ಯಕ್ಷರ ಮೇಲೆ, ಎದೆ ತಟ್ಟಿ ಬಂದ ನನ್ನ ಮೇಲೆ. ಬಾಯಿ ತೆರೆದೆ. ಅಕ್ಕೋರು ನನ್ನ ಮಣಿಕಟ್ಟು ಹಿಡಿದರು.

“ಮೊದಲಿನ ಹೆಸರ ಹಾಕವ್ವಾ.”

“ಅಕ್ಕೋರ, ನಿಮ್ಮ ಹೆಸರು...”

“ನೋಡಿದ್ನಲ್ಲ, ಸಾಕು. ಅಂವ ಅರ್ಧಕ್ಕ ನಿಂತಾನ.”

ಅವರ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ. ಯಾರೂ ಅಲ್ಲದ ಆ ಗಂಡಸಿನ ಹೆಸರು ಬರೆದು ಶ್ರೀ ಎಂದು ಆರಿಸಿದೆ. ಪುಸ್ತಕ ತನ್ನಷ್ಟಕ್ಕೆ ಪತ್ತೇದಾರಿಗೆ ಹೋಗಿ ಕೂತಿತು. ಚೀಟಿಗಳನ್ನು ಮತ್ತೆ ಹಾಕಿದೆ, ಬುದ್ಧಿವಂತಿಕೆಯನ್ನೂ ಹಾಕಿದೆ. ಸನ್ಮಾನ ಮುಗಿದದ್ದರಿಂದ ಅದನ್ನು ಮತ್ತೆ ನೋಡಲು ಅಧ್ಯಕ್ಷರೂ ಬರಲಿಲ್ಲ, ಕಾಕಾನೂ ಬರಲಿಲ್ಲ.

ಕರೆದಾಗ ರೈತ ಬಂದು ಪರದೆಯ ಮುಂದೆ ಕೂತು ಓದತೊಡಗಿದ. ಅಕ್ಕೋರು ಪಕ್ಕದ ಬೆಂಚಿಗೆ ಸರಿದು, ಹಾರ ತೆಗೆದಿಟ್ಟು, ಅವನ ಮುಖ ನೋಡುತ್ತ ಕೂತರು. ಅವನ ಹುಬ್ಬು ಏರಿದಾಗ ಅವರ ಹುಬ್ಬೂ ಏರುತ್ತಿತ್ತು. ಅವರ ಬಸ್ಸಿನ ಹೊತ್ತಾಯಿತು ಎಂದೆ, ಕೈಸನ್ನೆಯಲ್ಲೇ ಸುಮ್ಮನಿರು ಎಂದರು.

ನಡುವೆ ಅವನು ತೊಡೆ ತಟ್ಟಿಕೊಂಡು ಅವರ ಕಡೆ ತಿರುಗಿದ. “ಏನ ಬರದಾನ್ರಿ ಮಗಾ! ನೀವೂ ಇದನ್ನ ಓದಬೇಕ ನೋಡ್ರಿ ಅಕ್ಕೋರ.”

“ಓದೇನ್ರಿ” ಎಂದರು ಅಕ್ಕೋರು.

ಅವನು ಗಾಬರಿಯಾಗಿ ಎರಡೂ ಕೈ ಜೋಡಿಸಿದ. “ಹಂಗಾರ ಯಾರು ಕೊಂದಾರ ಅಂತ ಮಾತ್ರ ಹೇಳಬ್ಯಾಡ್ರಿ ಮತ್ತ.”

“ಇಲ್ರೀ, ಹೇಳಂಗಿಲ್ಲ. ನೀವ ಓದ್ರಿ” ಎಂದರು ಅಕ್ಕೋರು.